ಸುಂಕದವನ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಗಾದೆ ಕಟ್ಟಿದವರು ಗಾಡಿಯಲ್ಲಿ ಸರಕು ಹೇರಿಕೊಂಡು ಕಟ್ಟೆಯ ಹೊರಗೆ ನಿಂತವರು. ಕಟ್ಟೆಯ ಒಳಗೆ ಕೂತವನಿಗೂ ಒಂದು ಸುಖ, ಒಂದು ದುಃಖ ಇದ್ದೀತೆಂದು ಯೋಚಿಸುವ ಪುರುಸೊತ್ತು ಅವರಿಗೆ ಇರಲಾರದು. 1866ರ ಡಿಸೆಂಬರ್ 5ರಂದು ನ್ಯೂಯಾರ್ಕ್ ಬಂದರಿನ ಕಸ್ಟಮ್ಸ್ ಇಲಾಖೆಗೆ ಇನ್‌ಸ್ಪೆಕ್ಟರ್ ಆಗಿ ಸೇರಿದ ನಲವತ್ತೇಳು ವರ್ಷದ ಗಡ್ಡಧಾರಿಯೊಬ್ಬನಿಗೆ 75ನೇ ನಂಬರಿನ ಬಿಲ್ಲೆ ಸಿಕ್ಕಿತು. ದಿನಕ್ಕೆ ನಾಲ್ಕು ಡಾಲರ್ ಸಂಬಳ, ವಾರಕ್ಕೆ ಆರು ದಿನ ಕೆಲಸ. ಬಂದ ಹಡಗಿನ ಸರಕನ್ನು ಪಟ್ಟಿಯೊಡನೆ ತಾಳೆ ನೋಡುವ ಈ ಕೆಲಸವನ್ನು ಆತ ಹತ್ತೊಂಬತ್ತು ವರ್ಷ ಮಾಡಿದ. ಅದಕ್ಕೆ ಹದಿನೈದು ವರ್ಷ ಹಿಂದೆ ‘ಮೋಬಿ ಡಿಕ್’ ಎಂಬ ಕಾದಂಬರಿಯನ್ನು ಬರೆದವನು ಆತನೇ, ಹರ್ಮನ್ ಮೆಲ್ವಿಲ್.

ನಾನೂ ಲೆಕ್ಕಪತ್ರದ ನೌಕರಿಯಲ್ಲಿ ಮೂವತ್ತೊಂದು ವರ್ಷ ಕಳೆದವನು. ಹಗಲು ವೋಚರುಗಳಿಗೆ ಟಿಕ್ ಹಾಕಿ, ರಾತ್ರಿ ಊಟವಾದ ಮೇಲೆ ಕಥೆ ಬರೆಯಲು ಕೂರುತ್ತಿದ್ದೆ. ಒಂದು ಸಂಕಲನ ಅಚ್ಚಾಯಿತು. ಮಾರಾಟವಾಗದೆ ಉಳಿದ ಪ್ರತಿಗಳು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಮನೆಯ ಅಟ್ಟದ ಮೇಲಿವೆ. ಮೆಲ್ವಿಲ್‌ನ ಜೊತೆ ನನ್ನನ್ನು ಹೋಲಿಸಿಕೊಳ್ಳುವ ಹುಚ್ಚುತನ ನನಗಿಲ್ಲ. ಆದರೆ ಅವನ ಜೀವನಚರಿತ್ರೆಯನ್ನು ಓದುವಾಗ ಸಮುದ್ರದ ಅಧ್ಯಾಯಗಳನ್ನು ಬೇಗ ಬೇಗ ತಿರುವಿ ಹಾಕಿ, ಆಫೀಸಿನ ಅಧ್ಯಾಯಗಳ ಹತ್ತಿರ ನಿಧಾನಿಸುವ ಓದುಗ ನಾನು. ಅದಕ್ಕೆ ಕಾರಣ ಇದೇ ಇರಬೇಕು.

ಮೆಲ್ವಿಲ್ ಬಗ್ಗೆ ಸಾಮಾನ್ಯವಾಗಿ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಹಡಗು ಹತ್ತಿದ, ಹೆಸರು ಬಂತು, ಮಹಾಕೃತಿ ಬರೆದ, ಜನ ಅದನ್ನು ಮೂಸಿಯೂ ನೋಡಲಿಲ್ಲ, ಮೂವತ್ತು ವರ್ಷ ಮೌನವಾಗಿದ್ದು ತೀರಿಕೊಂಡ, ಆಮೇಲೆ ಲೋಕಕ್ಕೆ ಜ್ಞಾನೋದಯವಾಯಿತು. ನಾನೂ ಬಹುಕಾಲ ಇದನ್ನು ನಂಬಿದ್ದೆ. ಈಗ ಆ ‘ಮೌನ’ ಎಂಬ ಮಾತನ್ನು ಒಪ್ಪಲಾರೆ. ಪುಸ್ತಕದಂಗಡಿಗೆ ಕೇಳಿಸದೆ ಹೋದದ್ದನ್ನು ನಾವು ಮೌನವೆಂದು ಕರೆಯುತ್ತಿದ್ದೇವೆ. ಅದೇ ಸೂರಿನ ಕೆಳಗಿದ್ದ ಹೆಂಡತಿ ಮಕ್ಕಳಿಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು.

1819ರ ಆಗಸ್ಟ್ 1ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಹುಟ್ಟಿದ ಹುಡುಗನಿಗೆ ಹಿರಿಯರ ಹೆಸರಿಗೆ ಕೊರತೆಯಿರಲಿಲ್ಲ. ತಂದೆಯ ಕಡೆಯ ಅಜ್ಜ 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದವರಲ್ಲಿ ಒಬ್ಬ. ತಾಯಿಯ ಕಡೆಯ ಅಜ್ಜ ಪೀಟರ್ ಗ್ಯಾನ್ಸ್‌ವೋರ್ಟ್ 1777ರಲ್ಲಿ ಸ್ಟ್ಯಾನ್‌ವಿಕ್ಸ್ ಕೋಟೆಯನ್ನು ಬ್ರಿಟಿಷರಿಗೆ ಬಿಟ್ಟುಕೊಡದೆ ಕಾದ ಸೇನಾನಿ. ತಂದೆ ಫ್ರಾನ್ಸಿನಿಂದ ಜವಳಿ ತರಿಸಿ ಮಾರುತ್ತಿದ್ದ ವರ್ತಕ. ಸಾಲದ ಮೇಲೆ ಸಾಲ ಮಾಡಿ 1830ರಲ್ಲಿ ದಿವಾಳಿಯೆದ್ದು ಸಂಸಾರವನ್ನು ಆಲ್ಬನಿಗೆ ಸಾಗಿಸಿದ. 1832ರ ಜನವರಿಯಲ್ಲಿ ಜ್ವರದ ಸನ್ನಿಯಲ್ಲಿ ಬಡಬಡಿಸುತ್ತ ತೀರಿಕೊಂಡ. ಎಂಟು ಮಕ್ಕಳ ಆ ಮನೆಯಲ್ಲಿ ಮೂರನೆಯವನಾದ ಹರ್ಮನ್‌ಗೆ ಆಗ ಹನ್ನೆರಡು. ಶಾಲೆ ಬಿಡಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂರಿಸಿದರು. ಆಮೇಲೆ ಅಣ್ಣನ ತುಪ್ಪಳದ ಟೋಪಿಯ ಅಂಗಡಿ, ದೊಡ್ಡಪ್ಪನ ಹೊಲ, ಹಳ್ಳಿಯ ಮೇಷ್ಟರ ಕೆಲಸ. ಯಾವುದೂ ನಿಲ್ಲಲಿಲ್ಲ. ಹಡಗು ಹತ್ತಿದ್ದು ಸಾಹಸದ ಆಸೆಗೆ ಎಂದು ಓದುಗರು ತಿಳಿದುಕೊಳ್ಳುತ್ತಾರೆ. ಊರಲ್ಲಿ ಹೊಟ್ಟೆ ಹೊರೆಯುವ ದಾರಿ ಕಾಣಲಿಲ್ಲ ಎಂಬುದೂ ಅಷ್ಟೇ ನಿಜ.

1841ರ ಜನವರಿಯಲ್ಲಿ ಹೊರಟ ‘ಅಕುಶ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಅವನಿಗೆ ಬರೆದುಕೊಟ್ಟದ್ದು 175ರಲ್ಲಿ ಒಂದು ಪಾಲು. ಅಂದರೆ ಸಂಬಳವೆಂಬುದಿಲ್ಲ, ಮೂರು ನಾಲ್ಕು ವರ್ಷ ಅಲೆದು ತಂದ ಎಣ್ಣೆಯ ಲಾಭದಲ್ಲಿ 175ನೇ ಒಂದು ಭಾಗ. ನಮ್ಮ ಕರಾವಳಿಯ ದೋಣಿಗಳಲ್ಲಿ ಪಾಲು ಹಂಚುವುದನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ, ಆದರೆ ಇಷ್ಟು ಸಣ್ಣ ಪಾಲಿಗೆ ಅವರೂ ಹುಬ್ಬೇರಿಸಿಯಾರು. ಒಂದೂವರೆ ವರ್ಷದ ಬಳಿಕ, 1842ರ ಜುಲೈಯಲ್ಲಿ, ಪೆಸಿಫಿಕ್ ಸಾಗರದ ನುಕು ಹಿವ ದ್ವೀಪದಲ್ಲಿ ಹಡಗು ಲಂಗರು ಹಾಕಿದಾಗ ಟೋಬಿ ಎಂಬ ಗೆಳೆಯನೊಡನೆ ಅವನು ಹಡಗು ಬಿಟ್ಟು ಓಡಿಹೋದ. ನರಮಾಂಸ ತಿನ್ನುವವರೆಂದು ಹೆಸರಾದ ಟೈಪಿ ಜನರ ಕಣಿವೆಯಲ್ಲಿ ಕಾಲು ಊದಿಸಿಕೊಂಡು ನಾಲ್ಕು ವಾರ ಇದ್ದ. ಆಮೇಲೆ ಇನ್ನೊಂದು ಹಡಗು, ಅದರಲ್ಲೊಂದು ದಂಗೆ, ಟಹೀಟಿಯಲ್ಲಿ ಸೆರೆ, ಹೊನೊಲುಲುವಿನಲ್ಲಿ ಬೌಲಿಂಗ್ ಆಟದ ಗೂಟ ನಿಲ್ಲಿಸುವ ಕೆಲಸ, ಕೊನೆಗೆ ಅಮೆರಿಕದ ನೌಕಾಪಡೆಯ ಯುದ್ಧನೌಕೆಯಲ್ಲಿ ಸಾಮಾನ್ಯ ನಾವಿಕನಾಗಿ ಸೇರಿ 1844ರ ಅಕ್ಟೋಬರಿನಲ್ಲಿ ಬಾಸ್ಟನ್ನಿಗೆ ಮರಳಿದ.

ಮನೆಯಲ್ಲಿ ಹೇಳಿದ ಕಥೆಗಳೇ 1846ರಲ್ಲಿ ‘ಟೈಪಿ’ ಎಂಬ ಪುಸ್ತಕವಾದವು. ನಾಲ್ಕು ವಾರ ಇದ್ದದ್ದು ಪುಸ್ತಕದಲ್ಲಿ ನಾಲ್ಕು ತಿಂಗಳಾಯಿತು. ಕಾದಂಬರಿಕಾರ ಹುಟ್ಟಿದ್ದು ಬಹುಶಃ ಈ ಗುಣಾಕಾರದಲ್ಲೇ. ಇದು ನಿಜವಿರಲಾರದೆಂದು ನ್ಯೂಯಾರ್ಕಿನ ಹಾರ್ಪರ್ ಸಂಸ್ಥೆ ಹಸ್ತಪ್ರತಿಯನ್ನು ತಿರಸ್ಕರಿಸಿತ್ತು. ಪ್ರಕಟವಾದ ಮೇಲೂ ಅನುಮಾನ ಹೋಗಲಿಲ್ಲ. ಅಷ್ಟರಲ್ಲಿ, ಸತ್ತೇ ಹೋಗಿರಬೇಕೆಂದು ಮೆಲ್ವಿಲ್ ತಿಳಿದಿದ್ದ ಟೋಬಿ ಬಫಲೋ ನಗರದಲ್ಲಿ ಪ್ರತ್ಯಕ್ಷನಾಗಿ, ಆ ಟೋಬಿ ನಾನೇ, ನಡೆದದ್ದು ನಿಜ ಎಂದು ಪತ್ರಿಕೆಗೆ ಬರೆದ. ಪುಸ್ತಕ ಹೆಸರು ಮಾಡಿತು. ಮರುವರ್ಷ ‘ಓಮೂ’ ಬಂತು. ಅದೇ 1847ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ ಅವರ ಮಗಳು ಎಲಿಜಬೆತ್‌ಳೊಡನೆ ಮದುವೆಯಾಯಿತು. ನರಭಕ್ಷಕರ ನಡುವೆ ಬದುಕಿ ಬಂದವನು ಎಂಬ ಬಿರುದು ಮಾತ್ರ ಬೆನ್ನಿಗಂಟಿತು. ಮುಂದಿನ ತಲೆಮಾರುಗಳಿಗೆ ನಾನು ಬರೀ ಅಷ್ಟಾಗಿ ಉಳಿಯಬೇಕೇ ಎಂದು ಅವನು ಒಂದು ಕಾಗದದಲ್ಲಿ ಗೊಣಗಿಕೊಂಡಿದ್ದಾನೆ.

ಮೂರನೆಯ ಪುಸ್ತಕ ‘ಮಾರ್ಡಿ’ಯಲ್ಲಿ ಅವನು ತತ್ತ್ವಶಾಸ್ತ್ರಕ್ಕಿಳಿದ, ಓದುಗರು ಹಿಂದೆ ಸರಿದರು. ಆಗ ದುಡ್ಡಿಗಾಗಿ 1849ರ ಬೇಸಿಗೆಯ ಕೆಲವೇ ತಿಂಗಳಲ್ಲಿ ‘ರೆಡ್‌ಬರ್ನ್’, ‘ವೈಟ್ ಜಾಕೆಟ್’ ಎಂಬೆರಡು ಕಾದಂಬರಿಗಳನ್ನು ಬರೆದು ಮುಗಿಸಿದ. ಉಳಿದವರು ಕಟ್ಟಿಗೆ ಕೊಯ್ಯುವ ಹಾಗೆ ಹಣಕ್ಕಾಗಿ ಮಾಡಿದ ಎರಡು ಕೆಲಸಗಳಿವು ಎಂದು ಮಾವನಿಗೆ ಬರೆದ. ನೌಕಾಪಡೆಯ ಛಡಿಯೇಟಿನ ಶಿಕ್ಷೆಯನ್ನು ‘ವೈಟ್ ಜಾಕೆಟ್’ ಬಿಚ್ಚಿಟ್ಟ ವರ್ಷವೇ, 1850ರಲ್ಲಿ, ಅಮೆರಿಕದ ಕಾಂಗ್ರೆಸ್ ಆ ಶಿಕ್ಷೆಯನ್ನು ರದ್ದು ಮಾಡಿತು. ಪುಸ್ತಕದಿಂದಲೇ ರದ್ದಾಯಿತು ಎನ್ನುವುದು ಹೆಚ್ಚಾದೀತು, ಆ ಹೋರಾಟ ಮೊದಲೇ ನಡೆದಿತ್ತು. ಆದರೂ ಕಟ್ಟಿಗೆ ಕೊಯ್ದ ಕೆಲಸಕ್ಕೆ ಇದೇನೂ ಕಡಿಮೆಯಲ್ಲ.

1850ರ ಶರತ್ಕಾಲದಲ್ಲಿ ಮಾವನ ಹಣದ ಬಲದಿಂದ ಪಿಟ್ಸ್‌ಫೀಲ್ಡ್ ಬಳಿ ಒಂದು ಹೊಲಮನೆ ಕೊಂಡು ಅದಕ್ಕೆ ‘ಆ್ಯರೋಹೆಡ್’ ಎಂದು ಹೆಸರಿಟ್ಟ. ಆ ವರ್ಷದ ಡಿಸೆಂಬರಿನಲ್ಲಿ ಗೆಳೆಯನೊಬ್ಬನಿಗೆ ತನ್ನ ದಿನಚರಿ ಬರೆದು ಕಳಿಸಿದ್ದಾನೆ. ನಾನು ಓದಿದ ಮೆಲ್ವಿಲ್‌ನ ಕಾಗದಗಳಲ್ಲಿ ನನಗೆ ಹೆಚ್ಚು ಇಷ್ಟವಾದವುಗಳಲ್ಲಿ ಅದೂ ಒಂದು. ಎಂಟಕ್ಕೆ ಏಳುತ್ತಾನೆ. ಕೊಟ್ಟಿಗೆಗೆ ಹೋಗಿ ಕುದುರೆಯನ್ನು ಮಾತಾಡಿಸಿ ಮೇವು ಹಾಕುತ್ತಾನೆ. ಆಮೇಲೆ ಹಸುವಿನ ಸರದಿ. ಕುಂಬಳಕಾಯಿ ಒಂದೆರಡನ್ನು ಕತ್ತರಿಸಿ ಹಾಕಿ ಅಲ್ಲೇ ನಿಂತು ಅದು ದವಡೆ ಆಡಿಸುವುದನ್ನು ನೋಡುತ್ತಾನೆ. ಎಷ್ಟು ಸೌಮ್ಯವಾಗಿ, ಎಂಥ ಪಾವಿತ್ರ್ಯದಿಂದ ಅದು ಮೆಲ್ಲುತ್ತದೆ ಎಂದು ಬೆರಗಾಗುತ್ತಾನೆ. ತನ್ನ ತಿಂಡಿ ಮುಗಿಸಿ ಮಹಡಿಯ ಕೋಣೆಯಲ್ಲಿ ಬೆಂಕಿ ಹೊತ್ತಿಸಿ ಬರೆಯಲು ಕೂರುತ್ತಾನೆ. ಮಧ್ಯಾಹ್ನ ಎರಡೂವರೆಗೆ, ಮೊದಲೇ ಹೇಳಿಟ್ಟ ಪ್ರಕಾರ, ಮನೆಯವರು ಬಾಗಿಲು ಬಡಿಯಬೇಕು, ಅವನು ಏಳುವ ತನಕ ಬಡಿಯುತ್ತಲೇ ಇರಬೇಕು. ಕಿಟಕಿಯಾಚೆ ಹಿಮ ಹೊದ್ದ ಗ್ರೇಲಾಕ್ ಬೆಟ್ಟ. ಅದರ ಬೆನ್ನಿನಲ್ಲಿ ಅವನಿಗೆ ಬಿಳಿ ತಿಮಿಂಗಿಲ ಕಂಡಿತೆಂದು ಪಿಟ್ಸ್‌ಫೀಲ್ಡಿಗೆ ಹೋದವರೆಲ್ಲ ಹೇಳುತ್ತಾರೆ. ಬೆಟ್ಟದ ಮಾತು ಇರಲಿ, ಬಾಗಿಲು ಬಡಿಯುತ್ತ ನಿಂತ ಆ ಕೈ ಯಾರದ್ದಿರಬಹುದು ಎಂದು ನನ್ನ ಮನಸ್ಸು ಅತ್ತ ಹೋಗುತ್ತದೆ. ಅವನ ಕೈಬರಹ ಕೋಳಿ ಕೆದರಿದಂತಿತ್ತು. ಹೆಂಡತಿಯೂ ಅಕ್ಕತಂಗಿಯರೂ ಕೂತು ಅವನ ಹಸ್ತಪ್ರತಿಗಳನ್ನು ಶುದ್ಧಪ್ರತಿ ಮಾಡುತ್ತಿದ್ದರು.

‘ಮೋಬಿ ಡಿಕ್’ ಓದಲು ನಾನು ಎರಡು ಸಲ ಹೊರಟು ಎರಡು ಸಲವೂ ಸೋತಿದ್ದೇನೆ. ಏಹಬ್ ಎಂಬ ಕಪ್ತಾನ ತನ್ನ ಕಾಲು ಕಡಿದ ಬಿಳಿ ತಿಮಿಂಗಿಲದ ಮೇಲೆ ಹಗೆ ಸಾಧಿಸಲು ಇಡೀ ಹಡಗನ್ನು ಒತ್ತೆಯಿಡಲಿದ್ದಾನೆ ಎಂಬ ಕುತೂಹಲದ ಬಿಸಿಯಲ್ಲೇ 32ನೆಯ ಅಧ್ಯಾಯ ಬಂದು, ತಿಮಿಂಗಿಲಗಳ ಜಾತಿ, ಉಪಜಾತಿಗಳ ವರ್ಗೀಕರಣಕ್ಕೆ ತೊಡಗುತ್ತದೆ. ಮೂರನೆಯ ಸಲ ಓದುವಾಗ ನಮ್ಮ ಹಳಗನ್ನಡ ಕಾವ್ಯಗಳ ಅಷ್ಟಾದಶ ವರ್ಣನೆಗಳು ನೆನಪಾದವು. ಕಥೆ ನಿಂತರೂ ಕಾವ್ಯ ನಿಲ್ಲುವುದಿಲ್ಲ ಎಂಬ ಹಳೆಯ ಓದಿನ ಅಭ್ಯಾಸವನ್ನು ಮರಳಿ ತಂದುಕೊಂಡ ಮೇಲೆ ಪುಸ್ತಕ ಸಲೀಸಾಯಿತು. 94ನೆಯ ಅಧ್ಯಾಯದಲ್ಲಿ ತಿಮಿಂಗಿಲದ ತಲೆಯಿಂದ ತೆಗೆದ ಕೊಬ್ಬು ತಣ್ಣಗಾಗಿ ಗಂಟುಗಂಟಾಗಿರುತ್ತದೆ. ನಾವಿಕರು ದೊಡ್ಡ ತೊಟ್ಟಿಯ ಸುತ್ತ ಕೂತು ಆ ಗಂಟುಗಳನ್ನು ಕೈಯಿಂದ ಹಿಸುಕಿ ಕರಗಿಸಬೇಕು. ಬೆಣ್ಣೆಯಂಥ ಆ ಮೆದುವಿನಲ್ಲಿ ಹಿಸುಕುತ್ತ ಹಿಸುಕುತ್ತ ಕಥೆ ಹೇಳುವ ಇಶ್ಮೇಲ್, ಪಕ್ಕದವರ ಕೈಗಳನ್ನೇ ಕೊಬ್ಬಿನ ಗಂಟೆಂದು ತಿಳಿದು ಹಿಸುಕುತ್ತಿರುವುದು ಗೊತ್ತಾದರೂ ಬಿಡಲಾರದೆ, ಎಲ್ಲರ ಮೇಲೂ ಪ್ರೀತಿಯುಕ್ಕಿ ಅವರ ಕಣ್ಣುಗಳನ್ನು ನೋಡುತ್ತಾನೆ. ಕೊಂದ ಪ್ರಾಣಿಯ ತಲೆಯ ಕೊಬ್ಬಿನಲ್ಲಿ ಕೈಯಿಟ್ಟು ಹೀಗೆ ಬರೆಯಬಲ್ಲವನು ಇನ್ನೊಬ್ಬನಿದ್ದಾನೆಯೇ ಎಂದು ಅಂದು ರಾತ್ರಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ನಮ್ಮ ಕಡೆಯ ಓದುಗರಿಗೆ ಇದರಲ್ಲೊಂದು ಸಣ್ಣ ಬಹುಮಾನವೂ ಇದೆ. ತಿಮಿಂಗಿಲ ಬೇಟೆಗಾರರ ವಂಶಾವಳಿ ಹೇಳುತ್ತ ಮೆಲ್ವಿಲ್ ಮತ್ಸ್ಯಾವತಾರಕ್ಕೆ ಬರುತ್ತಾನೆ: ವೇದಗಳು ನೀರಿನ ತಳದಲ್ಲಿ ಬಿದ್ದಿದ್ದವು, ವಿಷ್ಣು ತಿಮಿಂಗಿಲನಾಗಿ ಪಾತಾಳದವರೆಗೆ ಮುಳುಗಿ ಅವುಗಳನ್ನು ಎತ್ತಿ ತಂದ, ಆದ್ದರಿಂದ ಅವನೂ ನಮ್ಮ ಕಸುಬಿನವನೇ ಎಂದು ನಗೆಯಾಡುತ್ತಾನೆ. ಮತ್ಸ್ಯವನ್ನು ತಿಮಿಂಗಿಲ ಮಾಡಿದ್ದು ಅವನ ಸ್ವಾತಂತ್ರ್ಯ. ಅದರ ಶಿಲ್ಪ ಎಲಿಫೆಂಟಾ ಗುಹೆಯಲ್ಲಿದೆ ಎಂದೂ ಇನ್ನೊಂದು ಅಧ್ಯಾಯದಲ್ಲಿ ಧೈರ್ಯವಾಗಿ ಬರೆದಿದ್ದಾನೆ. ಆ ಗುಹೆ ಶಿವನದೆಂದು ಮುಂಬೈಗೆ ಹೋಗಿ ಬಂದ ನಮ್ಮ ಪಕ್ಕದ ಮನೆಯವರಿಗೂ ಗೊತ್ತು.

ಪುಸ್ತಕ ಹೊರಬಂದ ಬಗೆಯೇ ಅವಲಕ್ಷಣದ್ದು. 1851ರ ಅಕ್ಟೋಬರ್ 18ರಂದು ಲಂಡನ್ನಿನಲ್ಲಿ ‘ದಿ ವೇಲ್’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ 500 ಪ್ರತಿ ಅಚ್ಚಾಯಿತು. ಇಶ್ಮೇಲ್ ಒಬ್ಬನೇ ಶವಪೆಟ್ಟಿಗೆಯನ್ನು ತಬ್ಬಿ ತೇಲಿ ಬದುಕುಳಿದನೆಂದು ಹೇಳುವ ಕೊನೆಯ ಒಂದು ಪುಟ ಆ ಆವೃತ್ತಿಯಲ್ಲಿ ಬಿಟ್ಟುಹೋಗಿತ್ತು. ಎಲ್ಲರೂ ಮುಳುಗಿ ಸತ್ತ ಮೇಲೆ ಈ ಕಥೆ ಹೇಳಿದವರಾರು ಎಂದು ಅಲ್ಲಿನ ವಿಮರ್ಶಕರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಮೆರಿಕದ ಆವೃತ್ತಿ ನವೆಂಬರ್ 14ಕ್ಕೆ, ಆ ಪುಟದೊಡನೆಯೇ, ಬಂತು. ಆದರೆ ಆ ಹೊತ್ತಿಗೆ ಕಡಲು ದಾಟಿದ ನಿಂದೆಯ ಮಾತುಗಳೂ ಬರತೊಡಗಿದ್ದವು. ಬದುಕಿರುವ ತನಕ ಅಮೆರಿಕದಲ್ಲಿ ಮಾರಾಟವಾದದ್ದು ಸುಮಾರು 3,200 ಪ್ರತಿ. ಹಾರ್ಪರ್ ಸಂಸ್ಥೆಯಿಂದ ಅದಕ್ಕೆ ಸಿಕ್ಕಿದ್ದು 556 ಡಾಲರ್. ಕಸ್ಟಮ್ಸ್ ಕೆಲಸದ ಆರು ತಿಂಗಳ ಸಂಬಳಕ್ಕೂ ಅದು ಸಾಲದು.

ಪುಸ್ತಕವನ್ನು ಅವನು ಅರ್ಪಿಸಿದ್ದು ನಥಾನಿಯಲ್ ಹಾಥಾರ್ನ್‌ಗೆ. 1850ರ ಆಗಸ್ಟಿನ ಒಂದು ವನಭೋಜನದಲ್ಲಿ ಪರಿಚಯವಾದ, ತನಗಿಂತ ಹದಿನೈದು ವರ್ಷ ಹಿರಿಯನಾದ ಆ ಕಾದಂಬರಿಕಾರನಿಗೆ ಮೆಲ್ವಿಲ್ ಬರೆದ ಕಾಗದಗಳನ್ನು ಓದಿದರೆ ಸಂಕೋಚವಾಗುತ್ತದೆ. ಅಷ್ಟು ಎದೆ ತೆರೆದು ಬರೆದಿದ್ದಾನೆ. ನನಗೆ ಯಾವುದನ್ನು ಬರೆಯಬೇಕೆನಿಸುತ್ತದೋ ಅದಕ್ಕೆ ಕಾಸು ಹುಟ್ಟುವುದಿಲ್ಲ, ಬೇರೆ ಥರ ಬರೆಯಲು ನನ್ನಿಂದಾಗದು, ಹೀಗಾಗಿ ನನ್ನ ಪುಸ್ತಕಗಳೆಲ್ಲ ಕಲಸುಮೇಲೋಗರ ಎಂದು ‘ಮೋಬಿ ಡಿಕ್’ ಮುಗಿಸುವ ಹೊತ್ತಿನಲ್ಲೇ ಬರೆದುಕೊಂಡಿದ್ದ. ಮುಂದಿನ ಕಾದಂಬರಿ ‘ಪಿಯರ್’ 1852ರಲ್ಲಿ ಬಂದಾಗ, ಹರ್ಮನ್ ಮೆಲ್ವಿಲ್‌ಗೆ ಹುಚ್ಚು ಎಂದೇ ನ್ಯೂಯಾರ್ಕಿನ ಒಂದು ಪತ್ರಿಕೆ ತಲೆಬರಹ ಕೊಟ್ಟಿತು. 1853ರ ಡಿಸೆಂಬರಿನಲ್ಲಿ ಹಾರ್ಪರ್ ಸಂಸ್ಥೆಯ ಕಟ್ಟಡ ಬೆಂಕಿಗೆ ಆಹುತಿಯಾಗಿ, ಮಾರಾಟವಾಗದೆ ಉಳಿದಿದ್ದ ಅವನ ಪುಸ್ತಕಗಳೂ ಸುಟ್ಟವು.

ಅದೇ ಚಳಿಗಾಲ ‘ಬಾರ್ಟಲ್‌ಬಿ’ ಎಂಬ ನೀಳ್ಗತೆ ಮಾಸಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾಯಿತು. ವಾಲ್ ಸ್ಟ್ರೀಟಿನ ವಕೀಲನೊಬ್ಬನ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನೊಬ್ಬ ಒಂದು ದಿನ, ಹೇಳಿದ ಕೆಲಸವನ್ನು ಮಾಡದಿರಲು ಇಷ್ಟಪಡುತ್ತೇನೆ ಎನ್ನುತ್ತಾನೆ. ಜಗಳವಿಲ್ಲ, ಕಾರಣವಿಲ್ಲ, ದನಿ ಏರಿಸುವುದಿಲ್ಲ. ಆ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರಲು ಹಲವು ಸಲ ಒದ್ದಾಡಿದ್ದೇನೆ. ಉತ್ತರ ಕರ್ನಾಟಕದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ‘ಒಲ್ಲೆ’ ಅದಕ್ಕೆ ತೀರ ಹತ್ತಿರ. ಒಲವಿಲ್ಲ ಎಂಬ ಅರ್ಥ ಆ ಒಂದೇ ಪದದೊಳಗಿದೆ. ಆದರೆ ‘ಒಲ್ಲೆ’ಯಲ್ಲಿ ಬಾಗಿಲು ಹಾಕಿದ ಸದ್ದಿದೆ, ಬಾರ್ಟಲ್‌ಬಿ ಬಾಗಿಲನ್ನು ತೆರೆದೇ ಇಟ್ಟು ಒಳಗೆ ಬರುವುದಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಆ ಮಾತನ್ನು ಮೇಲಧಿಕಾರಿಯ ಎದುರು ಆಡುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.

1857ರ ಏಪ್ರಿಲ್ 1ರಂದು ಬಂದ ‘ದಿ ಕಾನ್ಫಿಡೆನ್ಸ್ ಮ್ಯಾನ್’ ಅವನು ಬದುಕಿದ್ದಾಗ ಪ್ರಕಟವಾದ ಕೊನೆಯ ಕಾದಂಬರಿ. ಅದು ಅಚ್ಚಾಗುವಾಗ ಅವನು ಮಾವನ ಖರ್ಚಿನಲ್ಲಿ ಯುರೋಪ್ ಮತ್ತು ಪ್ಯಾಲೆಸ್ಟೈನ್ ಪ್ರವಾಸದಲ್ಲಿದ್ದ. ಹೋಗುವ ದಾರಿಯಲ್ಲಿ, ಆಗ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸುಲ್ ಆಗಿದ್ದ ಹಾಥಾರ್ನ್‌ನನ್ನು ಕಂಡ. ಇಬ್ಬರೂ ಕಡಲತೀರದ ಮರಳದಿಬ್ಬದ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಚುಟ್ಟಾ ಸೇದಿದರು. ಇವನಿಗೆ ನಂಬಲೂ ಆಗದು, ನಂಬದೆ ನೆಮ್ಮದಿಯಾಗಿರಲೂ ಆಗದು ಎಂದು ಹಾಥಾರ್ನ್ ಅಂದಿನ ದಿನಚರಿಯಲ್ಲಿ ಬರೆದಿಟ್ಟ. ಊರಿಗೆ ಮರಳಿ ಮೂರು ವರ್ಷ ಊರೂರು ಸುತ್ತಿ ಭಾಷಣ ಮಾಡಿದ. ಅದರಲ್ಲೂ ಹೆಚ್ಚು ಗಿಟ್ಟಲಿಲ್ಲ. 1863ರಲ್ಲಿ ಸಂಸಾರ ಸಮೇತ ನ್ಯೂಯಾರ್ಕಿನ ಪೂರ್ವ 26ನೇ ಬೀದಿಯ 104ನೇ ನಂಬರಿನ ಮನೆಗೆ ಬಂದ. ಅಲ್ಲಿಂದ ಮೂರು ವರ್ಷಕ್ಕೆ 75ನೇ ನಂಬರಿನ ಬಿಲ್ಲೆ.

ಅವನ ಡ್ಯೂಟಿ ಹಡ್ಸನ್ ನದಿಯ ದಂಡೆಯಲ್ಲಿ, ಅಜ್ಜನ ಹೆಸರೇ ಇದ್ದ ಗ್ಯಾನ್ಸ್‌ವೋರ್ಟ್ ಬೀದಿಯ ಆಸುಪಾಸಿನಲ್ಲಿ. 1870ರಲ್ಲಿ ಒಂದು ದಿನ ಅಲ್ಲೇ ಇದ್ದ ಗ್ಯಾನ್ಸ್‌ವೋರ್ಟ್ ಹೋಟೆಲಿಗೆ ಹೋಗಿ, ಮಾತಿಗೊಂದು ನೆಪವಿರಲೆಂದು ಹೊಗೆಸೊಪ್ಪು ಕೊಂಡು, ಈ ಗ್ಯಾನ್ಸ್‌ವೋರ್ಟ್ ಅಂದರೆ ಏನು ಎಂದು ವಿಚಾರಿಸಿದ. ಅಲ್ಲಿದ್ದ ಗಂಭೀರಮುಖದ ಒಬ್ಬರು ನಡುವೆ ಬಾಯಿ ಹಾಕಿ, ಈ ಹೋಟೆಲಿಗೂ ಇದೇ ಹೆಸರಿನ ಬೀದಿಗೂ ಆ ಹೆಸರು ಬಂದದ್ದು ಹಿಂದೆ ಇಲ್ಲಿ ಆಸ್ತಿಯಿದ್ದ ಸಿರಿವಂತ ಮನೆತನದಿಂದ ಎಂದು ವಿವರಿಸಿದರು. ಕೋಟೆ ಕಾದ ಅಜ್ಜನ ಸುದ್ದಿಯೇ ಇಲ್ಲ. ಆ ಅಜ್ಞಾನವನ್ನು ತಿದ್ದುವ ಗೋಜಿಗೆ ಹೋಗದೆ ಹೊರಬಂದು, ಕಚೇರಿಯ ತಾತ್ವಿಕ ಏಕಾಂತದಲ್ಲಿ ಕೂತು ಮನುಷ್ಯರ ಕೀರ್ತಿಯ ಚಂಚಲತೆಯನ್ನೂ ಇನ್ನಿತರ ಹಲವುಗಳನ್ನೂ ಕುರಿತು ಚಿಂತಿಸಿದೆ ಎಂದು ತಾಯಿಗೆ ಕಾಗದ ಬರೆದ. ‘ಇನ್ನಿತರ ಹಲವು’ ಏನೆಂದು ತಾಯಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆ ಕಾಲದ ನ್ಯೂಯಾರ್ಕ್ ಕಸ್ಟಮ್ಸ್ ಲಂಚಕ್ಕೆ ಹೆಸರಾದದ್ದು. ಸರ್ಕಾರ ಬದಲಾದಾಗ ನೌಕರಿ ಹೋಗುವ ಭಯವೂ ಇತ್ತು. 1873ರಲ್ಲಿ ತಂಗಿಯ ಗಂಡ ಜಾನ್ ಹೋಡ್ಲಿ ಮೇಲಿನವರಿಗೊಂದು ಶಿಫಾರಸಿನ ಪತ್ರ ಬರೆದ. ಸುತ್ತಲಿನ ಕೊಳಕಿನ ನಡುವೆ ಈತ ಸದ್ದಿಲ್ಲದೆ ಹಣ ನಿರಾಕರಿಸುತ್ತಾನೆ. ತಿಳಿಯದಂತೆ ಬೆನ್ನಹಿಂದಿನಿಂದ ಜೇಬಿಗೆ ತುರುಕಿದ ದುಡ್ಡನ್ನೂ ಸದ್ದಿಲ್ಲದೆ ಹಿಂದಿರುಗಿಸುತ್ತಾನೆ ಎಂಬ ಮಾತು ಅದರಲ್ಲಿದೆ. ಜೇಬಿನಿಂದ ನೋಟು ತೆಗೆದು, ಗಲಾಟೆ ಮಾಡದೆ, ಉಪದೇಶ ಹೇಳದೆ, ಹಡಗಿನ ಏಜೆಂಟನ ಕೈಗೆ ಮರಳಿ ಇಡುತ್ತಿರುವ ಗಡ್ಡದ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದ್ದಾನೆ. ಈಗ ಮೆಲ್ವಿಲ್ ಎಂದರೆ ನನಗೆ ಮೊದಲು ಬರುವ ಚಿತ್ರ ಅದು, ತಿಮಿಂಗಿಲ ಅದರ ಹಿಂದೆ.

ಅಷ್ಟು ಹೇಳಿ ಅವನನ್ನು ಸಂತನ ಪೀಠದಲ್ಲಿ ಕೂರಿಸಿಬಿಟ್ಟರೆ ಮನೆಯವರಿಗೆ ಅನ್ಯಾಯವಾಗುತ್ತದೆ. 1867ರ ಮೇ ತಿಂಗಳಲ್ಲಿ ಎಲಿಜಬೆತ್‌ಳ ಮಲತಮ್ಮ ಅವರ ಚರ್ಚಿನ ಪಾದ್ರಿಗೆ ಬರೆದ ಪತ್ರ ಬಹುಕಾಲ ಯಾರ ಕಣ್ಣಿಗೂ ಬೀಳದೆ 1975ರಲ್ಲಿ ಬೆಳಕಿಗೆ ಬಂತು. ಗಂಡನಿಗೆ ಚಿತ್ತಸ್ವಾಸ್ಥ್ಯವಿಲ್ಲವೆಂದು ಆಕೆ ನಂಬಿದ್ದಾಳೆ, ಅವಳನ್ನು ಆ ಮನೆಯಿಂದ ಬಿಡಿಸಿ ತರುವ ದಾರಿ ಯಾವುದು ಎಂಬುದು ಅದರ ಸಾರ. ಆಕೆ ಹೋಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹದಿನೆಂಟು ವರ್ಷದ ಹಿರಿಯ ಮಗ ಮಾಲ್ಕಮ್ ರಾತ್ರಿ ತೀರ ತಡವಾಗಿ ಮನೆಗೆ ಬಂದು ಮಲಗಿದವನು ಮರುದಿನ ಏಳಲಿಲ್ಲ. ಸಂಜೆ ಬಾಗಿಲು ಒಡೆದು ನೋಡಿದರೆ ಪಿಸ್ತೂಲಿನ ಗುಂಡು ತಗಲಿ ಸತ್ತಿದ್ದ. ತಂದೆ ಕಸ್ಟಮ್ಸ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಿರಿಯ ಮಗ ಸ್ಟ್ಯಾನ್‌ವಿಕ್ಸ್ 1886ರಲ್ಲಿ ಮನೆಯವರಿಂದ ದೂರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಯಿಲೆಯಿಂದ ತೀರಿಕೊಂಡ.

ಇಷ್ಟರ ನಡುವೆ ಅವನು ಬರೆಯುತ್ತಿದ್ದ. ಪ್ಯಾಲೆಸ್ಟೈನ್ ಯಾತ್ರೆಯ ನೆನಪಿನಿಂದ ಹುಟ್ಟಿದ ‘ಕ್ಲೇರಲ್’ ಸುಮಾರು 18,000 ಸಾಲುಗಳ ಪದ್ಯಕಾವ್ಯ. ಬಂದರಿನಿಂದ ಮರಳಿದ ಮೇಲಿನ ಸಂಜೆಗಳಲ್ಲಿ, ರಜೆಯ ದಿನಗಳಲ್ಲಿ ಬೆಳೆದದ್ದು. 1876ರಲ್ಲಿ ಸೋದರಮಾವನ 1,200 ಡಾಲರ್ ನೆರವಿನಿಂದ 350 ಪ್ರತಿ ಅಚ್ಚಾಯಿತು. ಮೂರು ವರ್ಷದ ಬಳಿಕ, ಉಳಿದ ಪ್ರತಿಗಳನ್ನು ರದ್ದಿಗೆ ಹಾಕಲು ಅವನೇ ಒಪ್ಪಿಗೆ ಬರೆದುಕೊಟ್ಟ. ಆ ಪುಸ್ತಕ ಅಚ್ಚಿನಲ್ಲಿದ್ದಾಗ ಎಲಿಜಬೆತ್ ಬಂಧುವೊಬ್ಬಳಿಗೆ ಬರೆದ ಕಾಗದದಲ್ಲಿ ಅದನ್ನು ಎದೆಯ ಮೇಲೆ ಕೂತ ಭೂತವೆಂದು ಕರೆದಿದ್ದಾಳೆ. ನಮ್ಮ ಸುಖವನ್ನೆಲ್ಲ ಬುಡದಿಂದ ಕೊರೆದುಹಾಕಿದ್ದು ಇದೇ ಎಂದಿದ್ದಾಳೆ. ಈ ಸಾಲನ್ನು ಒಮ್ಮೆ ನನ್ನ ಹೆಂಡತಿಗೆ ಓದಿ ಹೇಳಿದೆ. ‘ಪಾಪ, ಎಷ್ಟು ವರ್ಷ ಕಾದು ಒಂದೇ ಒಂದು ಮಾತು ಆಡಿದಾಳೆ ನೋಡ್ರಿ’ ಎಂದಳು. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. ನಾನೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎಲಿಜಬೆತ್‌ಗೆ ತವರಿನಿಂದ ಒಂದಿಷ್ಟು ಆಸ್ತಿ ಬಂದದ್ದರಿಂದ 1885ರ ಡಿಸೆಂಬರ್ 31ಕ್ಕೆ ಅವನು ಕೆಲಸ ಬಿಟ್ಟ. ಭೂತವೆಂದು ಬೈದ ಆಕೆಯೇ ಪುಸ್ತಕ, ಚಿತ್ರಪಟಗಳನ್ನು ಕೊಳ್ಳಲೆಂದು ತಿಂಗಳಿಗೆ 25 ಡಾಲರ್ ಅವನ ಕೈಗೆ ಕೊಡುತ್ತಿದ್ದಳು. 1888ರಲ್ಲಿ ಒಂದು, 1891ರಲ್ಲಿ ಇನ್ನೊಂದು ಕವನ ಸಂಕಲನ ಅಚ್ಚು ಹಾಕಿಸಿದ. ಒಂದೊಂದೂ ಬರೀ 25 ಪ್ರತಿ. ಐದು ಸಾವಿರ ಜನರಿಗಾಗಿ ಬರೆದವನು ಇಪ್ಪತ್ತೈದು ಜನಕ್ಕಿಳಿದ ಎಂದು ಮರುಗುವವರಿದ್ದಾರೆ. ಆ ಇಪ್ಪತ್ತೈದರ ಲೆಕ್ಕದಲ್ಲಿ ನನಗೆ ಒಂದು ಬಗೆಯ ನಿರಾಳ ಕಾಣುತ್ತದೆ. ಅವನು ಸಂಸ್ಥೆಗೂ ಪತ್ರಿಕೆಗೂ ಲೆಕ್ಕ ಒಪ್ಪಿಸಬೇಕಾದ್ದಿರಲಿಲ್ಲ. ಎರಡನೆಯ ಸಂಕಲನವನ್ನು ಅವನು ಅರ್ಪಿಸಿದ್ದು ಒಬ್ಬ ಚಿತ್ರಕಾರನಿಗೆ.

1891ರ ಸೆಪ್ಟೆಂಬರ್ 28ರಂದು ಎಪ್ಪತ್ತೆರಡರ ವಯಸ್ಸಿನಲ್ಲಿ ಮೆಲ್ವಿಲ್ ತೀರಿಕೊಂಡ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಾರದ ಬಳಿಕ ಬರೆದ ಟಿಪ್ಪಣಿಯ ತಲೆಬರಹದಲ್ಲಿ ಅವನ ಹೆಸರು ‘ಹೈರಮ್ ಮೆಲ್ವಿಲ್’ ಎಂದು ಅಚ್ಚಾಯಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. 1919ರ ಜನ್ಮಶತಾಬ್ದಿಯ ಹೊತ್ತಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ರೇಮಂಡ್ ವೀವರ್ ಅವನ ಚರಿತ್ರೆ ಬರೆಯಲು ಹೊರಟಾಗ ಮೊಮ್ಮಗಳು ಎಲಿನರ್ ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಮುಂದಿಟ್ಟಳು. ಅದರಲ್ಲಿ ‘ಬಿಲ್ಲಿ ಬಡ್’ ಎಂಬ ಅಪ್ರಕಟಿತ ಕಿರುಕಾದಂಬರಿಯ ಹಸ್ತಪ್ರತಿ ಇತ್ತು. 1924ರಲ್ಲಿ ಅದು ಬೆಳಕು ಕಂಡಿತು. ಮುಗ್ಧನಾದ ಒಬ್ಬ ನಾವಿಕ, ಅವನ ಮೇಲೆ ಸುಳ್ಳು ಆರೋಪ ಹೊರಿಸುವ ಅಧಿಕಾರಿ, ಮಾತು ತೊದಲಿ ಕೈ ಎತ್ತಿದ ಹುಡುಗನನ್ನು ನಿಯಮಕ್ಕೆ ಕಟ್ಟುಬಿದ್ದು ಗಲ್ಲಿಗೇರಿಸುವ ಕಪ್ತಾನ. ಗಂಡುಮಕ್ಕಳಿಬ್ಬರನ್ನೂ ಕಳೆದುಕೊಂಡ ತಂದೆ ಬರೆದದ್ದೆಂದು ಮರೆತು ಅದನ್ನು ಓದಲು ನನ್ನಿಂದಾಗಿಲ್ಲ. ಅಂತಿಮ ಶಿಕ್ಷೆಯ ಸುದ್ದಿಯನ್ನು ಹುಡುಗನಿಗೆ ತಿಳಿಸಲು ಕಪ್ತಾನ ಒಬ್ಬನೇ ಅವನ ಕೋಣೆಗೆ ಹೋದಾಗ ಒಳಗೆ ಏನು ನಡೆಯಿತೆಂದು ಮೆಲ್ವಿಲ್ ಹೇಳುವುದಿಲ್ಲ. ಬಾಗಿಲಾಚೆಯೇ ನಮ್ಮನ್ನು ನಿಲ್ಲಿಸುತ್ತಾನೆ.

ಆ ಹಸ್ತಪ್ರತಿಯ ಮುನ್ನೂರೈವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಪೆನ್ಸಿಲ್ ತಿದ್ದುಪಡಿ, ಅಂಟಿಸಿದ ಚೀಟಿ, ಹೊಡೆದುಹಾಕಿದ ಸಾಲು ತುಂಬಿಹೋಗಿವೆ. ಅವನ ಅಕ್ಷರದ ನಡುನಡುವೆ ಇನ್ನೊಂದು ಕೈಬರಹವೂ ಇದೆ. ಅದು ಎಲಿಜಬೆತ್‌ಳದು. ಗಂಡ ಸತ್ತ ಮೇಲೆ ಆಕೆ ಕೂತು ಆ ಹಾಳೆಗಳನ್ನು ಜೋಡಿಸಲು ನೋಡಿದ್ದಾಳೆ. ವೀವರ್ ಆ ಅಕ್ಷರಗಳನ್ನು ಮೆಲ್ವಿಲ್‌ನದೇ ಎಂದುಕೊಂಡು ಅಚ್ಚು ಹಾಕಿಸಿದ. ಕಥೆಯ ನಡುವಿನಿಂದ ಲೇಖಕನೇ ಕಿತ್ತು ಬದಿಗಿಟ್ಟಿದ್ದ ಒಂದು ತುಣುಕು ಹೀಗೆ ಮುನ್ನುಡಿಯಾಗಿ ಹಲವು ದಶಕ ಓದುಗರ ಕೈಸೇರಿತು. 1962ರಲ್ಲಿ ಹೇಫರ್ಡ್ ಮತ್ತು ಸೀಲ್ಟ್ಸ್ ಎಂಬ ಇಬ್ಬರು ವಿದ್ವಾಂಸರು ಹಾಳೆ ಹಾಳೆಯನ್ನೂ ನೋಡಿ ಯಾವುದು ಯಾರ ಕೈ ಎಂದು ಬಿಡಿಸಿದರು. ಆ ತುಣುಕಿನ ಮೇಲೆ ಎಲಿಜಬೆತ್ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟೇ: ‘ಬಿಲ್ಲಿ ಬಡ್‌ಗೆ ಮುನ್ನುಡಿ?’ ಆ ಪ್ರಶ್ನಚಿಹ್ನೆ ಇವತ್ತಿಗೂ ಅಲ್ಲಿದೆ.